ಪಾಪ, ಅಪರಾಧ, ಹಕ್ಕು: ಕೊಂಗುನಾಡಿನ ಕ್ರೈಸ್ತ ಸಭೆಗಳೂ ಸಲಿಂಗ ಪ್ರೇಮವೂ

ಸಲಿಂಗಕಾಮವನ್ನು ಮತ್ತೆ ಅಪರಾಧವೆಂದು ಸುಪ್ರೀಂ ಕೋರ್ಟ್ ಸಾರಿದ್ದು 2013ರ ಡಿಸೆಂಬರ್ 11ರಂದು. ಅದು ಅಪರಾಧವಲ್ಲ ಎಂದಿದ್ದ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ರದ್ದುಪಡಿಸಿ ಎಂದು ಮೇಲ್ಮನವಿ ಸಲ್ಲಿಸಿದವರಲ್ಲಿ ಜ್ಯೋತಿಷಿ ಸುರೇಶ್ ಕುಮಾರ್ ಕೌಶಲ್ ಅವರ ಜೊತೆಗೆ ಅಪೋಸ್ಟೋಲಿಕ್ ಚರ್ಚಸ್ ಅಲಯನ್ಸ್, ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್‌ನಂಥ ಕ್ರೈಸ್ತ ಸಂಘಟನೆಗಳೂ ಇದ್ದವು. ತೀರ್ಪು ಬಂದ ಬೆನ್ನಲ್ಲೇ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ ಬೇರೆಯೇ ಮಾತಾಡಿದರು. ಕೆಥೋಲಿಕ ಸಭೆ ಸಲಿಂಗ ವಿವಾಹವನ್ನು ಒಪ್ಪುವುದಿಲ್ಲ, ಆದರೆ ಸಲಿಂಗಿಗಳನ್ನು ಅಪರಾಧಿಗಳೆಂದು ಅದು ಎಂದೂ ಎಣಿಸಿಲ್ಲ, ಅವರಿಗೂ ಎಲ್ಲರಂತೆಯೇ ಮನುಷ್ಯ ಘನತೆ ಇದೆ ಎಂಬುದು ಅವರ ನಿಲುವು. ಒಂದೇ ಬೈಬಲನ್ನು ಓದುವ ಜನ ಒಂದೇ ತೀರ್ಪಿನ ಎರಡು ಬದಿಯಲ್ಲಿ ನಿಂತರು. ಪಾಪವೆಂದು ನಂಬಿದ್ದನ್ನು ಅಪರಾಧವೆಂದೂ ಕರೆಯಬೇಕೇ? ಕಳೆದ ಎಪ್ಪತ್ತು ವರ್ಷಗಳಿಂದ ಕ್ರೈಸ್ತ ಲೋಕ ಇದಕ್ಕೆ ಉತ್ತರ ಹುಡುಕುತ್ತಿದೆ. ಕೊಂಗುನಾಡಿನ ತಿರುಪ್ಪೂರು, ಕೊಯಮತ್ತೂರುಗಳ ಸಭೆಗಳಿಗೂ ಈ ಪ್ರಶ್ನೆ ಈಗ ಮನೆಬಾಗಿಲಿಗೆ ಬಂದಿದೆ.

ಈ ಸೀಮೆಯ ಕ್ರೈಸ್ತ ಇತಿಹಾಸ ಹಳೆಯದು. 17ನೇ ಶತಮಾನದ ಜೆಸ್ವಿಟರ ಮೈಸೂರು ಮಿಷನ್ನಿನ ಕೈ ಕೊಂಗುನಾಡಿಗೂ ಚಾಚಿತ್ತು. ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ವ್ಯಾಕರಣ ಬರೆದ ಲಿಯೊನಾರ್ಡೊ ಚಿನ್ನಾಮಿ ಅದೇ ಮಿಷನ್ನಿನವರು. ತಿರುಪ್ಪೂರಿನ ಪಕ್ಕದ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಗುಡಿಯ ಬೇರೂ ಆ ಕಾಲದ್ದು. 1830ರಲ್ಲಿ ಲಂಡನ್ ಮಿಷನ್ ಕೊಯಮತ್ತೂರಿಗೆ ಬಂತು, ಧಾರಾಪುರದಲ್ಲಿ ಮೆಥಡಿಸ್ಟರು ನೆಲೆಯೂರಿದರು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. 1950ರಲ್ಲಿ ಕೊಯಮತ್ತೂರಿಗೆ ಬಿಷಪ್ ಆಗಿ ಬಂದ ಎ.ಜೆ. ಅಪ್ಪಾಸಾಮಿ ಕ್ರೈಸ್ತ ಧರ್ಮವನ್ನು ಭಕ್ತಿಮಾರ್ಗವಾಗಿ ಕಂಡ ಪಂಡಿತರು. ದೇವಾಂಗ ನೇಕಾರರೂ ಒಕ್ಕಲಿಗ ಗೌಡರೂ ಮನೆಯೊಳಗೆ ಇಂದಿಗೂ ಕನ್ನಡ ಆಡುವ ಈ ಊರುಗಳಲ್ಲಿ ಜಾತಿ, ಕುಡಿತ, ಶಾಲೆ, ಬರಗಾಲ ಇವೇ ಸಭೆಗಳ ಮುಂದಿದ್ದ ದೊಡ್ಡ ಪ್ರಶ್ನೆಗಳು. ಸಲಿಂಗ ಪ್ರೇಮ ಬೇರೆಯೇ ಚರ್ಚೆಯಾಗಿ ತಲೆಯೆತ್ತಿದ್ದು ಬಹಳ ತಡವಾಗಿ.

ಪೀಠದಲ್ಲಿ ಚರ್ಚೆಯಾಗುವ ಮೊದಲೇ ಅದು ಕಾನೂನಾಗಿತ್ತು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದ 1533ರ ಕಾಯ್ದೆ, ಅಲ್ಲಿಯವರೆಗೆ ಧರ್ಮ ನ್ಯಾಯಾಲಯಗಳು ವಿಚಾರಿಸುತ್ತಿದ್ದ ಪಾಪವನ್ನು ರಾಜ್ಯ ಶಿಕ್ಷಿಸುವ ಅಪರಾಧವನ್ನಾಗಿ ಮಾಡಿತು. ಮೆಕಾಲೆ 1837ರಲ್ಲಿ ಭಾರತಕ್ಕೆ ಸಿದ್ಧಪಡಿಸಿದ ಕರಡಿನಲ್ಲಿ ಅದೇ ದೃಷ್ಟಿ ಇತ್ತು. 1860ರ ದಂಡ ಸಂಹಿತೆ 1862ರಲ್ಲಿ ಜಾರಿಯಾದಾಗ ಸೆಕ್ಷನ್ 377 ಈ ದೇಶದ ಕಾನೂನಾಯಿತು.

ಆದರೆ ಈ ಕಾನೂನನ್ನು ಕೊಟ್ಟ ನಾಡಿನ ಚರ್ಚೇ ಮುಂದೆ ಅದನ್ನು ಕಳಚಲು ಕೈಜೋಡಿಸಿತು. ಕೊಂಗುನಾಡಿನ ಪೀಠಗಳಿಂದ ಇಂದು ಹೆಚ್ಚು ಕೇಳಬೇಕಾದ ಕತೆ ಇದೇ. 1954ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ನೈತಿಕ ಕಲ್ಯಾಣ ಸಮಿತಿ ಒಂದು ವರದಿ ತಂದಿತು. ನೈತಿಕವಾಗಿ ತಪ್ಪೆಂದು ಚರ್ಚ್ ನಂಬುವುದೆಲ್ಲ ಸೆರೆಮನೆಗೆ ಕಳಿಸುವ ಅಪರಾಧವಾಗಬೇಕಿಲ್ಲ ಎಂಬುದು ಅದರ ತಿರುಳು. ಮರುವರ್ಷ ಆ ಸಮಿತಿಯಲ್ಲಿದ್ದ ಪಾದ್ರಿ ಡೆರಿಕ್ ಶೆರ್ವಿನ್ ಬೇಲಿ, ಸೊದೋಮಿನ ಕತೆಯನ್ನು ಸಲಿಂಗಕಾಮದ ಕತೆಯಾಗಿ ಓದುವುದು ನಂತರ ಬೆಳೆದ ಸಂಪ್ರದಾಯ ಎಂದು ವಾದಿಸಿ ಪುಸ್ತಕ ಬರೆದರು. 1957ರಲ್ಲಿ ಕಾನೂನು ಸಡಿಲಿಸಲು ಶಿಫಾರಸು ಮಾಡಿದ ವುಲ್ಫೆಂಡನ್ ಸಮಿತಿಯ ವರದಿ ಬಂತು. ಹತ್ತು ವರ್ಷದ ನಂತರ, 1967ರಲ್ಲಿ, ವಯಸ್ಕ ಗಂಡಸರ ಖಾಸಗಿ ಸಂಬಂಧ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧವಾಗಿ ಉಳಿಯಲಿಲ್ಲ. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಮೈಕೇಲ್ ರಾಮ್ಸೆ ಆ ಸುಧಾರಣೆಯನ್ನು ಬೆಂಬಲಿಸಿದ್ದರು. ಅವರು ಅದನ್ನು ಪುಣ್ಯವೆಂದು ಸಾರಲಿಲ್ಲ. ಪಾಪವೆಂಬ ನಂಬಿಕೆಯನ್ನು ಇಟ್ಟುಕೊಂಡೇ ಕಾನೂನಿನ ಕೋಲನ್ನು ಕೆಳಗಿಡಲು ಒಪ್ಪಿದರು. ಭಾರತದಲ್ಲಿ ಆ ಕೋಲು ಕೆಳಗಿಳಿಯಲು ಇನ್ನೂ ಐವತ್ತೊಂದು ವರ್ಷ ಹಿಡಿಯಿತು.

ಪಾಪವೇ ಹೌದೇ ಎಂಬ ಇನ್ನೊಂದು ವಾಗ್ವಾದ ದೇವಶಾಸ್ತ್ರದಲ್ಲಿ ಬೇರೆಯಾಗಿ ನಡೆಯಿತು. ಯಾಜಕಕಾಂಡದ ಎರಡು ವಚನಗಳು, ರೋಮಾಪುರದವರಿಗೂ ಕೊರಿಂಥದವರಿಗೂ ಪೌಲ ಬರೆದ ಪತ್ರಿಕೆಗಳ ಕೆಲವು ಸಾಲುಗಳು, ಮುಖ್ಯವಾಗಿ ಇವನ್ನು ಇಟ್ಟುಕೊಂಡು ಎರಡೂ ಕಡೆಯವರು ವಾದಿಸುತ್ತಾರೆ. ಇವು ಸಾರ್ವಕಾಲಿಕ ನಿಯಮ ಎನ್ನುವವರು ಒಂದು ಕಡೆ. ಪೌಲ ಕಂಡದ್ದು ಗುಲಾಮರನ್ನೂ ಹುಡುಗರನ್ನೂ ಭೋಗಿಸುತ್ತಿದ್ದ ರೋಮನ್ ಲೋಕವನ್ನು, ಪರಸ್ಪರ ಒಪ್ಪಿ ಬಾಳುವ ಇಬ್ಬರನ್ನಲ್ಲ ಎನ್ನುವವರು ಇನ್ನೊಂದು ಕಡೆ. ವ್ಯಾಟಿಕನ್ 1975ರಲ್ಲಿ ಮತ್ತು 1986ರಲ್ಲಿ ತನ್ನ ನಿಲುವನ್ನು ಬಿಗಿಯಾಗಿಯೇ ಹೇಳಿತು. 1992ರ ಕೆಥೋಲಿಕ ಧರ್ಮೋಪದೇಶ ಗ್ರಂಥ ಸಲಿಂಗ ಸಂಭೋಗವನ್ನು ಒಪ್ಪಲಾಗದೆಂದು ಹೇಳಿ, ಅದರ ಮಗ್ಗುಲಲ್ಲೇ ಅಂಥವರನ್ನು ಗೌರವ, ಕನಿಕರಗಳಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಕೂಡದು ಎಂದೂ ವಿಧಿಸಿತು. ಸಿ.ಎಸ್.ಐ. ಸದಸ್ಯತ್ವ ಪಡೆದಿರುವ ಆಂಗ್ಲಿಕನ್ ಒಕ್ಕೂಟದ ಬಿಷಪ್ಪರು 1998ರಲ್ಲಿ ಲ್ಯಾಂಬೆತ್ ಸಮ್ಮೇಳನದಲ್ಲಿ 70ಕ್ಕೆ 526 ಮತಗಳಿಂದ ಒಂದು ನಿರ್ಣಯ ಮಾಡಿದರು. ಸಲಿಂಗ ಸಂಬಂಧ ಶಾಸ್ತ್ರಕ್ಕೆ ಒಗ್ಗದು ಎಂದ ಆ ನಿರ್ಣಯವೇ ಸಲಿಂಗಿಗಳ ಅನುಭವಕ್ಕೆ ಕಿವಿಗೊಡುತ್ತೇವೆ ಎಂಬ ಮಾತನ್ನೂ ಕೊಟ್ಟಿತ್ತು. ಮೊದಲ ಅರ್ಧ ಎಲ್ಲೆಡೆ ಉದ್ಧರಣೆಯಾಯಿತು. ಎರಡನೆಯ ಅರ್ಧವನ್ನು ನೆನೆದವರು ಕಡಿಮೆ.

ಭಾರತದ ಸಭೆಗಳು ಆ ಎರಡನೆಯ ಅರ್ಧದ ಹತ್ತಿರ ಬಂದದ್ದು ರೋಗದ ದಾರಿಯಲ್ಲಿ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿತು. ಆ ನಂತರ ಎಚ್‌ಐವಿ ಸೇವೆಗೆ ಇಳಿದ ಕ್ರೈಸ್ತ ಕಾರ್ಯಕರ್ತರು ತಮ್ಮ ಸಭೆಗಳು ಕಣ್ಣೆತ್ತಿ ನೋಡದ ಜನರ ಜೊತೆ ಕೂತು ಮಾತಾಡಬೇಕಾಯಿತು. ಭಾರತ ಕ್ರೈಸ್ತ ಸಭೆಗಳ ರಾಷ್ಟ್ರೀಯ ಪರಿಷತ್ತು, ಎನ್‌ಸಿಸಿಐ, ನಡೆಸಿದ ‘ಈಷಾ’ ಯೋಜನೆ ಎಚ್‌ಐವಿಯಿಂದ ಹೊರಟು ಲೈಂಗಿಕ ಅಲ್ಪಸಂಖ್ಯಾತರ ಸ್ಥಾನದ ಪ್ರಶ್ನೆಗೆ ಬಂದು ಮುಟ್ಟಿತು. ದೆಹಲಿ ಹೈಕೋರ್ಟಿನ ತೀರ್ಪು ಬಂದ 2009ರಲ್ಲೇ ಕೋಲ್ಕತ್ತದಲ್ಲಿ ದೇವಶಾಸ್ತ್ರಜ್ಞರು ಈ ವಿಷಯಕ್ಕಾಗಿಯೇ ದುಂಡುಮೇಜಿನ ಸಭೆ ಸೇರಿದರು. ಬೆಂಗಳೂರಿನಲ್ಲಿ ಪಿ.ಡಿ. ದೇವಾನಂದನ್ 1957ರಲ್ಲಿ ಕಟ್ಟಿದ ಸಿಐಎಸ್‌ಆರ್‌ಎಸ್ ಸಂಸ್ಥೆ ಮೊದಲಿನಿಂದಲೂ ಧರ್ಮವನ್ನೂ ಸಮಾಜವನ್ನೂ ಒಟ್ಟಿಗೆ ನೋಡುತ್ತಾ ಬಂದದ್ದು. ಅಲ್ಲಿಂದ 2015ರಲ್ಲಿ ಜಾರ್ಜ್ ಜಕರಯ್ಯ ಮತ್ತು ವಿನ್ಸೆಂಟ್ ರಾಜ್‌ಕುಮಾರ್ ಸಂಪಾದಿಸಿದ, ಸಭೆಯೊಳಗಿನ ಸಲಿಂಗ ದ್ವೇಷವನ್ನೇ ವಸ್ತುವಾಗಿಸಿಕೊಂಡ ಪ್ರಬಂಧ ಸಂಕಲನ ಬಂತು. 2017ರಲ್ಲಿ ರೋಜರ್ ಗಾಯಕ್ವಾಡ್ ಮತ್ತು ಆರ್ಥೊಡಾಕ್ಸ್ ಪಾದ್ರಿ ಥಾಮಸ್ ನೈನಾನ್ ಇದೇ ವಿಷಯದ ಒಂದು ಅಧ್ಯಯನ ಗ್ರಂಥವನ್ನು ಸಂಪಾದಿಸಿದರು. ದೇವಶಾಸ್ತ್ರಜ್ಞರ ನಡುವೆ ಹೀಗೆ ಚರ್ಚೆ ಬೆಳೆಯಿತು. ಇದು ಇಂಗ್ಲಿಷ್ ಪುಸ್ತಕಗಳಲ್ಲಿ ಬೆಳೆದ ಚಿಂತನೆ. ಪಲ್ಲಡಂ, ಅವಿನಾಶಿಗಳ ಭಾನುವಾರದ ಪ್ರಸಂಗದ ಭಾಷೆಗೆ ಇಳಿದು ಬರದ ಹೊರತು ಇದು ಜನರದ್ದಾಗುವುದಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಆಗಲೂ ಕೆಲವು ಕ್ರೈಸ್ತ ಸಂಘಟನೆಗಳು ಕೋರ್ಟಿನಲ್ಲಿ ವಿರೋಧವಾಗಿ ವಾದಿಸಿದವು. ಕಾನೂನು ಒಪ್ಪಿದ್ದೆಲ್ಲ ನೈತಿಕವಾಗಿ ಒಪ್ಪಿತವಲ್ಲ ಎಂದು ಕೆಥೋಲಿಕ ಬಿಷಪ್ಪರ ಸಮ್ಮೇಳನದ ನ್ಯಾಯ ವಿಭಾಗ ಹೇಳಿತು. ಅದು 1954ರ ಆಂಗ್ಲಿಕನ್ ವಾದದ ಇನ್ನೊಂದು ಮಗ್ಗುಲು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ 377 ಇಲ್ಲವೇ ಇಲ್ಲ. ಅಪರಾಧದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ತಿರುನಂಗೈಯರ, ಅಂದರೆ ಟ್ರಾನ್ಸ್ ಮಹಿಳೆಯರ, ವಿಷಯದಲ್ಲಿ ಸಭೆಗಳ ನಡೆ ಬೇರೆಯಾಗಿದೆ. ತಮಿಳುನಾಡು 2008ರಲ್ಲೇ ದೇಶದ ಮೊದಲ ಟ್ರಾನ್ಸ್‌ಜೆಂಡರ್ ಕಲ್ಯಾಣ ಮಂಡಳಿ ಕಟ್ಟಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳನ್ನು ಮನ್ನಿಸಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದದ್ದು 2014ರಲ್ಲಿ. ಅದಕ್ಕೂ ಮೊದಲೇ ಚೆಂಗಲ್ಪಟ್ಟು ಬಳಿ ಇವ್ಯಾಂಜೆಲಿಕಲ್ ಚರ್ಚ್ ಆಫ್ ಇಂಡಿಯಾದ ಒಂದು ಹಳ್ಳಿ ಸಭೆಗೆ ತಿರುನಂಗೈ ಭಾರತಿ ಪಾಸ್ಟರಾಗಿದ್ದರು. ದೇಶದ ಮೊದಲ ತಿರುನಂಗೈ ಪಾಸ್ಟರ್ ಎಂದು ಪತ್ರಿಕೆಗಳು ಅವರನ್ನು ಪರಿಚಯಿಸಿದವು. 2016ರ ಕೊನೆಯಲ್ಲಿ ಕೊಚ್ಚಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕಾಗಿ ‘ಸಹಜ್’ ಶಾಲೆ ತೆರೆದಾಗ ಜಾಗ ಕೊಟ್ಟವರು ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು. ಇದಕ್ಕೆ ಬೈಬಲಿನಲ್ಲೇ ಆಸರೆ ಸಿಗುತ್ತದೆ. ಯೆಶಾಯನ 56ನೇ ಅಧ್ಯಾಯ ನಪುಂಸಕರಿಗೆ ದೇವರ ಆಲಯದಲ್ಲಿ ಹೆಸರನ್ನೂ ಸ್ಥಾನವನ್ನೂ ಕೊಡುವುದಾಗಿ ಮಾತುಕೊಡುತ್ತದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ ದಾರಿಯಲ್ಲಿ ನೀರು ಕಂಡು ರಥ ನಿಲ್ಲಿಸಿ, ದೀಕ್ಷಾಸ್ನಾನಕ್ಕೆ ಅಡ್ಡಿ ಏನೆಂದು ಫಿಲಿಪ್ಪನನ್ನು ಕೇಳುತ್ತಾನೆ. ಅಡ್ಡಿ ಇರಲಿಲ್ಲ. 2023ರಲ್ಲಿ ವ್ಯಾಟಿಕನ್ ಕೂಡ, ಜನರಲ್ಲಿ ಗೊಂದಲ, ಎಡವಟ್ಟು ಆಗದಂತಿದ್ದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ದೀಕ್ಷಾಸ್ನಾನ ಕೊಡಬಹುದೆಂದು ಉತ್ತರಿಸಿತು. ಮರುವರ್ಷದ ಇನ್ನೊಂದು ದಾಖಲೆಯಲ್ಲಿ ಲಿಂಗ ಬದಲಾವಣೆಯನ್ನು ಟೀಕಿಸಿತು.

ಆದರೂ ಸಭೆಗಳ ಈ ನಡೆಯಲ್ಲಿ ಒಂದು ಕೊರತೆ ಇದೆ. ತಿರುನಂಗೈಯನ್ನು ದಿಕ್ಕಿಲ್ಲದವಳೆಂದು, ಸೇವೆ ಪಡೆಯುವವಳೆಂದು ಕಾಣುವಷ್ಟು ಸುಲಭವಾಗಿ ಸಭೆ ಅವಳನ್ನು ಮದುವಣಗಿತ್ತಿಯೆಂದೋ ಸಭಾಸಮಿತಿಯ ಸದಸ್ಯೆಯೆಂದೋ ಕಾಣುತ್ತಿಲ್ಲ. ಒಳ್ಳೆಯ ಕೆಲಸಕ್ಕಿದ್ದು ಬಾಡಿಗೆಗೆ ಮನೆ ಹಿಡಿದು ಸಂಗಾತಿಯ ಜೊತೆ ಬಾಳುವ ಸಲಿಂಗಿಯಂತೂ ದಾನದ ಆ ಚೌಕಟ್ಟಿನಲ್ಲಿ ಎಲ್ಲೂ ಕೂರುವುದಿಲ್ಲ. ಕರುಣೆಗೆ ತೆರೆದ ಬಾಗಿಲು ಹಕ್ಕಿನ ಮಾತೆತ್ತಿದ ಕೂಡಲೇ ಅರ್ಧ ಮುಚ್ಚಿಕೊಳ್ಳುತ್ತದೆ.

ಮದುವೆಯ ಪ್ರಶ್ನೆಯಲ್ಲಿ ಇದು ಎದ್ದು ಕಾಣುತ್ತದೆ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಹಿಂದೂ ವಿವಾಹ ಕಾಯ್ದೆ ಹೇಳುವ ವಧುವಿನಲ್ಲಿ ತಿರುನಂಗೈಯೂ ಸೇರುತ್ತಾಳೆ ಎಂದು ತೀರ್ಪಿತ್ತರು. ತಮಿಳುನಾಡಿನ ಹಿಂದೂಗಳಿಗೆ 1967ರ ತಿದ್ದುಪಡಿ ತಂದ ಸ್ವಾಭಿಮಾನ ವಿವಾಹದ ದಾರಿಯೂ ಇದೆ. ಅದಕ್ಕೆ ಪುರೋಹಿತ ಬೇಕಿಲ್ಲ. ಕ್ರೈಸ್ತರ ಮದುವೆಗೆ 1872ರ ಕಾಯ್ದೆ ಇದೆ, ಮತ್ತು ಅದು ಹೆಚ್ಚಾಗಿ ನಡೆಯುವುದು ಸಭೆಯೊಳಗೆ. ತಮಿಳು ಸಭೆಗಳಲ್ಲಿ ಮದುವೆಗೆ ಮುಂಚಿನ ಭಾನುವಾರಗಳಲ್ಲಿ ಓಲೆ ಓದುತ್ತಾರೆ. ಪಾಸ್ಟರು ಗಂಡು ಹೆಣ್ಣಿನ ಹೆಸರು, ತಂದೆ ತಾಯಿ, ಸಭೆ ಎಲ್ಲವನ್ನೂ ಓದಿ, ಯಾರಿಗಾದರೂ ತಕರಾರಿದ್ದರೆ ತಿಳಿಸಬೇಕೆಂದು ಕೇಳುತ್ತಾರೆ. ಇಡೀ ಊರಿನ ಮುಂದೆ ನಡೆಯುವ ಈ ಓದಿನಲ್ಲಿ ತಿರುನಂಗೈಯ ಹೆಸರು ಬಂದರೆ ಏನಾಗುತ್ತದೆ? ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪು ಸಲಿಂಗ ವಿವಾಹದ ಹಕ್ಕನ್ನು ಒಪ್ಪಲಿಲ್ಲ. ಆದರೆ ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ವೈಯಕ್ತಿಕ ಕಾನೂನುಗಳೂ ಸೇರಿ ಈಗಿರುವ ಕಾನೂನುಗಳಡಿ ಮದುವೆಯಾಗಬಹುದೆಂದು ಸ್ಪಷ್ಟಪಡಿಸಿತು. ಹಾಗಾಗಿ ಈ ಪ್ರಶ್ನೆ ಈಗ ಊಹೆಯದಾಗಿ ಉಳಿದಿಲ್ಲ. ಅದೇ ವರ್ಷ ಸಿರೋ ಮಲಬಾರ್ ಸಭೆ ಸಲಿಂಗ ವಿವಾಹಕ್ಕೆ ತನ್ನ ವಿರೋಧವನ್ನು ಕೇಂದ್ರ ಸರ್ಕಾರಕ್ಕೆ ತಿಳಿಸಿತ್ತು. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಆ ಜನವರಿಯಲ್ಲಿ ಹೇಳಿದ್ದ ಪೋಪ್ ಫ್ರಾನ್ಸಿಸ್, ಡಿಸೆಂಬರ್ 18ರಂದು ಸಲಿಂಗ ಜೋಡಿಗಳಿಗೂ ವಿವಾಹ ವಿಧಿಯಲ್ಲದ ಸರಳ ಆಶೀರ್ವಾದ ಕೊಡಬಹುದೆಂಬ ದಾಖಲೆಗೆ ಒಪ್ಪಿಗೆ ಕೊಟ್ಟರು.

ತಿರುಪ್ಪೂರಿನಂಥ ಊರಿಗೆ ಇದಕ್ಕಿಂತ ತುರ್ತಿನದು ‘ಗುಣಪಡಿಸುವ’ ವಿಷಯ. ಬನಿಯನ್ ಕಾರ್ಖಾನೆಗಳಿಗೆ ದಕ್ಷಿಣದ ಜಿಲ್ಲೆಗಳಿಂದ, ಒಡಿಶಾ, ಜಾರ್ಖಂಡ್, ಬಿಹಾರಗಳಿಂದ ಬರುವ ಹುಡುಗ ಹುಡುಗಿಯರಿಗೆ ಮನೆಯ ಕಣ್ಗಾವಲು ಇರುವುದಿಲ್ಲ, ಮನೆಯ ಆಸರೆಯೂ ಇರುವುದಿಲ್ಲ. ಕ್ರೈಸ್ತ ಮಕ್ಕಳಿಗೆ ಆ ಆಸರೆ ಎಷ್ಟೋ ಸಲ ಪ್ರಾರ್ಥನಾ ಕೂಟಗಳಲ್ಲಿ ಸಿಗುತ್ತದೆ. ಅಲ್ಲಿ ತನ್ನ ಒಲವಿನ ಗುಟ್ಟು ಹೇಳಿಕೊಂಡವರಿಗೆ ಸಿಗುವುದು ಸಾಂತ್ವನವೋ, ಬಿಡುಗಡೆಯ ಪ್ರಾರ್ಥನೆಯ ಹೆಸರಿನ ಒತ್ತಡವೋ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಈ ವಿಷಯದಲ್ಲಿ ದಾರಿ ತೋರಿದ್ದು ಮದ್ರಾಸ್ ಹೈಕೋರ್ಟ್. ಮಧುರೈನ ಇಬ್ಬರು ಯುವತಿಯರು ಹೆತ್ತವರ ವಿರೋಧಕ್ಕೆ ಅಂಜಿ ಚೆನ್ನೈಗೆ ಬಂದು ರಕ್ಷಣೆ ಕೇಳಿದಾಗ, ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಈ ವಿಷಯ ತನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ ಎಂದು ತೆರೆದ ಕೋರ್ಟಿನಲ್ಲೇ ಹೇಳಿದರು. ತೀರ್ಪು ಬರೆಯುವ ಮುಂಚೆ ಮನಶ್ಶಾಸ್ತ್ರಜ್ಞೆ ವಿದ್ಯಾ ದಿನಕರನ್ ಅವರ ಬಳಿ ಕೂತು ಕಲಿತರು. 2021ರ ಜೂನ್ 7ರ ಅವರ ಆದೇಶ ಸಲಿಂಗ ಒಲವನ್ನು ವೈದ್ಯಕೀಯವಾಗಿ ಬದಲಿಸುವ ಯತ್ನಗಳನ್ನು ನಿಷೇಧಿಸಿತು. 2022ರಲ್ಲಿ ತಮಿಳುನಾಡಿನ ಪೊಲೀಸ್ ನಡತೆ ನಿಯಮಗಳಿಗೆ ತಿದ್ದುಪಡಿಯಾಗಿ ಈ ಸಮುದಾಯದವರಿಗೆ ಕಿರುಕುಳ ಕೊಡುವುದು ನಿಷಿದ್ಧವಾಯಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದಿತು. ಇವೆಲ್ಲ ಕಟ್ಟಿಹಾಕುವುದು ವೈದ್ಯರನ್ನೂ ಪೊಲೀಸರನ್ನೂ. ಪದವಿಯಿಲ್ಲದೆ, ಚೀಟಿ ಬರೆಯದೆ, ತಲೆಯ ಮೇಲೆ ಕೈಯಿಟ್ಟು ಮಾಡುವ ಉಪವಾಸ ಪ್ರಾರ್ಥನೆಯನ್ನು ಆಯೋಗದ ನಿಯಮ ಮುಟ್ಟುವುದಿಲ್ಲ. ಅಲ್ಲಿಗೆ ತಲುಪಬಲ್ಲವರು ಡಯೋಸಿಸ್‌ಗಳು, ಪಾಸ್ಟರರ ಒಕ್ಕೂಟಗಳು, ಸೆಮಿನರಿಗಳು. ಬೆಂಗಳೂರಿನಲ್ಲಿ 2015ರಲ್ಲೇ ಅಚ್ಚಾದ ವಿಚಾರಗಳು ಸುಮಾರು ಇನ್ನೂರು ಮೈಲಿ ದಾಟಿ ಇಲ್ಲಿಗೆ ಬರಲು ಇಷ್ಟು ಕಾಲ ಬೇಕಿರಲಿಲ್ಲ.

2025ರ ಮೇ 22ರಂದು 2019ರಲ್ಲಿ ತಿರುನಂಗೈಯ ಮದುವೆಯ ಬಗ್ಗೆ ತೀರ್ಪಿತ್ತಿದ್ದ ನ್ಯಾಯಮೂರ್ತಿ ಸ್ವಾಮಿನಾಥನ್ ಮತ್ತು ನ್ಯಾಯಮೂರ್ತಿ ವಿ. ಲಕ್ಷ್ಮೀನಾರಾಯಣನ್ ಅವರ ಪೀಠ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬಕ್ಕೂ ಮನ್ನಣೆಯಿದೆ ಎಂದು ಹೇಳಿ, ಮನೆಯವರ ಹಿಡಿತದಲ್ಲಿದ್ದ ಯುವತಿಯೊಬ್ಬಳು ತನ್ನ ಗೆಳತಿಯ ಜೊತೆ ಹೋಗಲು ಬಿಟ್ಟಿತು. ಇನ್ನು ಅಂಥ ಇಬ್ಬರು ತಿರುಪ್ಪೂರಿನಲ್ಲಿ ಕೋಣೆ ಹಿಡಿದು ಬಾಳಿದರೆ ಪೊಲೀಸರು ಎಳೆದೊಯ್ಯುವಂತಿಲ್ಲ. ಅವರಲ್ಲೊಬ್ಬಳು ಭಾನುವಾರ ಕರ್ತನ ಭೋಜನಕ್ಕೆ ಮುಂದೆ ಬಂದಾಗ ರೊಟ್ಟಿ ಕೊಡಬೇಕೋ ಬೇಡವೋ ಎಂಬುದನ್ನು ಮಾತ್ರ ಯಾವ ಕೋರ್ಟೂ ಹೇಳುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಬಲಿಪೀಠದ ಬಳಿ ನಿಂತಿರುವ ಪಾಸ್ಟರೂ ಅವರ ಹಿಂದಿರುವ ಸಭೆಯೂ.