ಲಾ ಓದೋರ ‘ಸೆಮಿನಾರ್ ಕೋರ್ಸ್’ ಅಂದ್ರೇನು? ಸೇರಿಸೋ ಮುಂಚೆ ತಿಳಿದಿರಲಿ

ಹೊರಕೆರೆದೇವಪುರ: ಮಗಳೋ ಮಗನೋ ‘ಲಾ ಓದ್ತೀನಿ’ ಅಂದ್ರೆ ನಮ್ಮೂರ ಮನೆಗಳಲ್ಲಿ ಬರೋ ಮೊದಲ ಪ್ರಶ್ನೆ, ‘ಫೀಸ್ ಕಟ್ಟಿ ಪರೀಕ್ಷೆ ಮಾತ್ರ ಬರೆದ್ರೆ ಆಗಲ್ವಾ?’ ಆಗಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಪ್ರತಿ ವಿಷಯಕ್ಕೂ ಶೇ 70 ಹಾಜರಿ ಬೇಕು. ಕೊನೆಯ ವರ್ಷಗಳಲ್ಲಂತೂ ಕಲಿಕೆಯೇ ಬೇರೆ ಥರ ಇರುತ್ತೆ.

ಸೆಮಿನಾರ್ ಅಂದ್ರೇನು?
ಮಾಮೂಲಿ ತರಗತಿಯಲ್ಲಿ ಮೇಷ್ಟ್ರು ಹೇಳ್ತಾರೆ, ಹುಡುಗರು ಬರ್ಕೊತಾರೆ. ಸೆಮಿನಾರ್‌ನಲ್ಲಿ ಸಣ್ಣ ಗುಂಪು. ತೀರ್ಪುಗಳನ್ನು ಮೊದಲೇ ಓದಿ ಬರಬೇಕು, ವಿಷಯ ಮಂಡಿಸಬೇಕು, ಉಳಿದವರ ಪ್ರಶ್ನೆಗೆ ಉತ್ತರಿಸಬೇಕು. ಕೊನೆಗೆ ಸ್ವಂತ ಪ್ರಬಂಧ ಬರೀಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಇಂಥ ಕೋರ್ಸ್‌ಗಳಿವೆ.

ಅಂಗಡಿಯವರಿಗೆ ಅರ್ಥ ಆಗೋ ಉದಾಹರಣೆ
ಉದ್ರಿ ಬಾಕಿಗೆ ಕೊಟ್ಟ ಚೆಕ್ ಬೌನ್ಸ್ ಆಯ್ತು ಅಂತಿಟ್ಕೊಳ್ಳಿ. ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ 15 ದಿನದಲ್ಲಿ ಹಣ ಬರದಿದ್ದರೆ, ನಂತರದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಇದು ಪಾಠ. ‘ಮನೆ ಬಾಗಿಲು ಹಾಕಿದೆ’ ಅಂತ ನೋಟಿಸ್ ವಾಪಸ್ ಬಂದ್ರೆ? ಇದು ಸೆಮಿನಾರ್ ಪ್ರಶ್ನೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದ್ದರೆ ಮುಟ್ಟಿದೆ ಅಂತಲೇ ಭಾವಿಸಬಹುದು ಎಂದು ಸುಪ್ರೀಂ ಕೋರ್ಟ್ 2007ರ ಅಲವಿ ಹಾಜಿ ಪ್ರಕರಣದಲ್ಲಿ ಹೇಳಿದೆ. ಇದನ್ನು ಹುಡುಕಿ ವಾದಿಸಲು ಕಲಿತ ವಕೀಲ ಸಿಕ್ಕರೆ ನಿಮ್ಮ ದುಡ್ಡು ಉಳಿಯುತ್ತೆ.

ನಮ್ಮ ಕಡೆ ಏನಿದೆ?
ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದೆ. ಈ ವಿ.ವಿ. 2009ರಲ್ಲಿ ಶುರುವಾಯ್ತು. ಇಲ್ಲಿ ಉತ್ತರವನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು.

ಸೆಮಿನಾರ್ ಅನ್ನೋ ಹೆಸರಿಲ್ಲದಿದ್ದರೂ ಎಲ್ಲ ಕಾಲೇಜಲ್ಲೂ ಪ್ರಾಯೋಗಿಕ ಪೇಪರ್ ಕಡ್ಡಾಯ. 100 ಅಂಕದ ಅಣಕು ನ್ಯಾಯಾಲಯದ ಪೇಪರ್ ಹೀಗಿರುತ್ತೆ:
* ಮೂರು ಅಣಕು ವಾದ: 30 ಅಂಕ
* ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯೋದು: 30
* ಕಕ್ಷಿದಾರರ ಜತೆ ವಕೀಲರ ಮಾತುಕತೆ ಗಮನಿಸೋದು, ಕೋರ್ಟ್ ಕಾಗದಪತ್ರ ಸಿದ್ಧಪಡಿಸೋದು: 30
* ಮೌಖಿಕ ಪರೀಕ್ಷೆ: 10

ಇಂಟರ್ನ್‌ಶಿಪ್ ಬೇರೆ: 3 ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, 5 ವರ್ಷದ್ದಕ್ಕೆ 20 ವಾರ. ಹಾಗಾಗಿ ವಕೀಲರ ಆಫೀಸಲ್ಲಿ ಡೈರಿ ಹಿಡಿದು ಕೂತ ಹುಡುಗ ಹುಡುಗಿ ಕಂಡ್ರೆ, ಅದು ಅವರ ಪರೀಕ್ಷೆ ಅಂತ ತಿಳೀರಿ.

ಯಾರು ಸೇರಬಹುದು?
3 ವರ್ಷದ್ದಕ್ಕೆ ಡಿಗ್ರಿ, 5 ವರ್ಷದ್ದಕ್ಕೆ ಪಿಯುಸಿ ಆಗಿರಬೇಕು. ಅಂಕ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40. ನನ್ನ ಹಾಗೆ ಡಿಗ್ರಿ ಅರ್ಧಕ್ಕೆ ಬಿಟ್ಟವರಿಗೆ ಪಿಯುಸಿ ಮೇಲಿನ ದಾರಿ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ 5 ವರ್ಷದ ಕೋರ್ಸಿಗೆ ಕ್ಲಾಟ್ ಪರೀಕ್ಷೆ ಬರೀಬೇಕು. ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ಅಲ್ಲಿ ಶೇ 25 ಮೀಸಲು ಇದೆ.

ಸೇರಿಸೋ ಮುಂಚೆ ಕೇಳಿ
ಅಣಕು ನ್ಯಾಯಾಲಯ ನಿಜವಾಗಿ ನಡೆಯುತ್ತಾ? ಕೋರ್ಟಿಗೆ ಕರ್ಕೊಂಡು ಹೋಗ್ತಾರಾ? ಬರೆದ ಪ್ರಬಂಧ ಓದಿ ತಿದ್ದೋರು ಇದ್ದಾರಾ? ಕಟ್ಟಡ ನೋಡಿ ದುಡ್ಡು ಕಟ್ಟಬೇಡಿ. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಕಟ್ಟಿ.