ಪರಮಾಣು ಚಳಿಗಾಲ

ಅಣ್ವಸ್ತ್ರ ಯುದ್ಧದಲ್ಲಿ ಹೊತ್ತಿ ಉರಿಯುವ ನಗರಗಳ ಮಸಿ ವಾಯುಮಂಡಲದ ಮೇಲ್ಪದರಕ್ಕೇರಿ, ಬಿಸಿಲನ್ನು ತಡೆದು, ಭೂಮಿಯನ್ನು ವರ್ಷಗಟ್ಟಲೆ ತಣ್ಣಗಾಗಿಸಬಹುದೆಂಬ ವೈಜ್ಞಾನಿಕ ಅಂದಾಜು. 1982ರಲ್ಲಿ ಪಾಲ್ ಕ್ರುಟ್ಜೆನ್ ಮತ್ತು ಜಾನ್ ಬರ್ಕ್ಸ್ ಯುದ್ಧದ ಹೊಗೆಯತ್ತ ಗಮನ ಸೆಳೆದರು. ಮರುವರ್ಷ ರಿಚರ್ಡ್ ಟರ್ಕೊ, ಕಾರ್ಲ್ ಸೇಗನ್ ಮುಂತಾದವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಹೆಸರು ಹರಡಿತು.

1945ರ ಆಗಸ್ಟ್ 6ರಂದು ಹಿರೋಷಿಮಾ ಸುಟ್ಟಾಗ ಮಸಿ, ಧೂಳು, ವಿಕಿರಣಶೀಲ ಕಣಗಳು ಬೆರೆತ ಕಪ್ಪು ಮಳೆ ಸುರಿಯಿತು. ಮೈಯೆಲ್ಲ ಬೆಂದು ಬಾಯಾರಿದ್ದವರು ಆ ನೀರನ್ನೇ ಕುಡಿದರು. ಕಪ್ಪು ಗೆರೆಗಳು ಇಳಿದಿರುವ ಬಿಳಿ ಗೋಡೆಯ ತುಂಡೊಂದು ಅಲ್ಲಿನ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.

ಕೆಳಮಟ್ಟದ ಹೊಗೆಯನ್ನು ಹೀಗೆ ಮಳೆ ತೊಳೆಯುತ್ತದೆ. ಆದರೆ ಮಹಾಜ್ವಾಲೆಯ ಮಸಿ ಬಿಸಿಲು ಹೀರಿ, ಕಾದು, ಇನ್ನೂ ಮೇಲೇರಿ ಸ್ಟ್ರಾಟೋಸ್ಫಿಯರ್ ಸೇರಿದರೆ ಅದನ್ನು ತೊಳೆಯಲು ಅಲ್ಲಿ ಮಳೆಯೇ ಇಲ್ಲ. ಓಝೋನ್ ಪದರಕ್ಕೂ ಅದು ಕಂಟಕ.

ಭಾರತ ಮತ್ತು ಪಾಕಿಸ್ತಾನ ಹಿರೋಷಿಮಾ ಗಾತ್ರದ 100 ಬಾಂಬುಗಳನ್ನು ಬಳಸಿ, 50 ಲಕ್ಷ ಟನ್ ಮಸಿ ಮೇಲೇರಿದರೆ ಜಗತ್ತಿನ ಸರಾಸರಿ ತಾಪಮಾನ ಸುಮಾರು 1.25 ಡಿಗ್ರಿ ಸೆಲ್ಸಿಯಸ್ ಕುಸಿಯುತ್ತದೆಂದು ಅಲನ್ ರೋಬಾಕ್ ತಂಡ 2007ರಲ್ಲಿ ಲೆಕ್ಕಹಾಕಿತು. ನಮ್ಮ ಮಟ್ಟಿಗೆ ಚಳಿಗಿಂತ ಭೀಕರವಾದುದು ಕೈಕೊಡುವ ಮುಂಗಾರು. ಅಮೆರಿಕ–ರಷ್ಯಾ ಯುದ್ಧವಾದರೆ 500 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದೆಂದು 2022ರ ಅಧ್ಯಯನವೊಂದು ಎಚ್ಚರಿಸಿದೆ. ಎಷ್ಟು ಮಸಿ ಅಷ್ಟೆತ್ತರಕ್ಕೆ ಏರೀತು ಎಂಬುದರಲ್ಲಿ ಮಾತ್ರ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಲಾಸ್ ಅಲಾಮೋಸ್ ಪ್ರಯೋಗಾಲಯದ 2018ರ ಅಂದಾಜು ಬಹಳ ಕಡಿಮೆ.