ರಾಗಿಯ ತವರಿಗೆ ಒಂದು ನಮನ

ಮೇ 25 ಆಫ್ರಿಕಾ ದಿನ. 1963ರ ಆ ದಿನ ಇಥಿಯೋಪಿಯದ ರಾಜಧಾನಿ ಆಡಿಸ್ ಅಬಾಬದಲ್ಲಿ 32 ಸ್ವತಂತ್ರ ರಾಷ್ಟ್ರಗಳು ಕೂಡಿ ಆಫ್ರಿಕನ್ ಏಕತಾ ಸಂಘಟನೆಯನ್ನು ಸ್ಥಾಪಿಸಿದವು. ಯುಗಾದಿ, ರಾಜ್ಯೋತ್ಸವಗಳಂತೆ ಈ ದಿನವನ್ನು ನಾವು ಆಚರಿಸುವುದಿಲ್ಲ, ನಿಜ. ಆದರೂ ಊರಿನಿಂದ ಬರುವವರ ಕೈಯಲ್ಲಿ ಮರೆಯದೆ ತರಿಸಿಕೊಳ್ಳುವ ನಮ್ಮ ರಾಗಿಹಿಟ್ಟಿಗೂ ಆ ಸೀಮೆಗೂ ಹಳೆಯ ನಂಟಿದೆ. ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲೊಂದನ್ನು ಪಳಗಿಸಿ ರಾಗಿಯ ಬೆಳೆಯನ್ನು ರೂಪಿಸಿದವರು ಪೂರ್ವ ಆಫ್ರಿಕದ ಎತ್ತರದ ನೆಲದ ರೈತರು. ಇಥಿಯೋಪಿಯದಲ್ಲಿ ಅದನ್ನು ಇಂದಿಗೂ 'ದಗುಸಾ' ಎಂದು ಕರೆದು ಬೆಳೆಯುತ್ತಾರೆ. ಕಾಫಿಯ ಮೂಲವೂ ಅಲ್ಲಿಯ ಕಾಡುಗಳೇ. ಅದು ಯೆಮನ್‌ಗೆ ದಾಟಿ, ಬಾಬಾ ಬುಡನ್ ಅವರ ಮೂಲಕ ಚಿಕ್ಕಮಗಳೂರಿನ ಗಿರಿಗೆ ಬಂದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ.

ನಮ್ಮಲ್ಲಿ ಅನೇಕರು ಇಥಿಯೋಪಿಯವನ್ನು ಮೊದಲು ಕಂಡದ್ದು 1984ರ ಕ್ಷಾಮದ ಚಿತ್ರಗಳಲ್ಲಿ. ಆ ಚಿತ್ರಗಳಾಚೆ ಒಂದು ಸಮೃದ್ಧವಾದ ಪಾಕಪರಂಪರೆಯಿದೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಕೆಲವು ದಿನ ಹುಳಿಬರಿಸಿ, ಅಗಲವಾದ ಹೆಂಚಿನ ಮೇಲೆ ಹುಯ್ದು ಒಂದೇ ಮಗ್ಗುಲು ಬೇಯಿಸುವ ಇಂಜೆರಾ ನಮ್ಮ ದೋಸೆಯ ದಾಯಾದಿಯಂತಿದೆ. ಒಂದೇ ತಟ್ಟೆಯ ಸುತ್ತ ಕುಳಿತವರು ತುತ್ತು ಕಟ್ಟಿ ಒಬ್ಬರು ಇನ್ನೊಬ್ಬರ ಬಾಯಿಗಿಡುವ ಪದ್ಧತಿಗೆ 'ಗುರ್ಶಾ' ಎಂದು ಹೆಸರು. ಕೈತುತ್ತು ಉಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರದ ಸಿಮಿಯನ್ ಪರ್ವತಗಳ ಕಡಿದಾದ ಅಂಚುಗಳಲ್ಲಿ ಹುಲ್ಲು ಮೇಯುವ ಗೆಲಾಡಾ ಕಪಿಗಳ ಹಿಂಡುಗಳಿವೆ. ಲಾಲಿಬೆಲದಲ್ಲಿ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ 11 ಚರ್ಚುಗಳಿವೆ. ಎಲ್ಲೋರದ ಕೈಲಾಸವನ್ನು ಕೊರೆಯಿಸಿದ ರಾಷ್ಟ್ರಕೂಟರು ಕಂಡಿದ್ದರೆ ಮೆಚ್ಚುತ್ತಿದ್ದರು.

ಆದರೆ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಒಂದು ಕ್ರಿಯಾಪದದ ಕಥೆ. 1889ರಲ್ಲಿ ಚಕ್ರವರ್ತಿ ಎರಡನೆಯ ಮೆನೆಲಿಕ್ ಇಟಲಿಯೊಡನೆ ವುಚಾಲೆ ಒಪ್ಪಂದಕ್ಕೆ ಸಹಿಹಾಕಿದ. ಅನ್ಯರಾಷ್ಟ್ರಗಳೊಡನೆ ವ್ಯವಹರಿಸಲು ಚಕ್ರವರ್ತಿಯು ಇಟಲಿಯ ನೆರವನ್ನು ಪಡೆಯ'ಬಹುದು' ಎಂದು ಅಮ್ಹಾರಿಕ್ ಪಾಠ ಹೇಳುತ್ತಿತ್ತು. ಇಟಾಲಿಯನ್ ಪಾಠದ ಪ್ರಕಾರ ಪಡೆಯಲೇ'ಬೇಕು'. ಆ ಒಂದು ಪದದ ಬಲದಿಂದ ಇಟಲಿಯು ಇಥಿಯೋಪಿಯ ತನ್ನ ಆಶ್ರಿತ ರಾಜ್ಯವೆಂದು ಯೂರೋಪಿನಲ್ಲಿ ಸಾರಿಕೊಂಡಿತು. ಮೆನೆಲಿಕ್ ಒಪ್ಪಂದವನ್ನೇ ತಳ್ಳಿಹಾಕಿದ. 1896ರ ಮಾರ್ಚ್ 1ರಂದು ಅಡ್ವಾ ಬೆಟ್ಟಗಳ ನಡುವೆ ಯುದ್ಧ ನಡೆಯಿತು. ಬೇರೆ ಬೇರೆ ಪ್ರಾಂತ್ಯಗಳ, ಬೇರೆ ಬೇರೆ ನುಡಿಗಳ ಪಡೆಗಳು ಒಂದಾಗಿ ಬಂದಿದ್ದವು. ಸಾಮ್ರಾಜ್ಞಿ ತಾಯ್ತು ಬೇತುಲ್ ತನ್ನದೇ ತುಕಡಿಯೊಡನೆ ರಣರಂಗದಲ್ಲಿದ್ದಳು. ಇಟಲಿಯ ಸೇನೆ ನುಚ್ಚುನೂರಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಟಲಿಯು ಇಥಿಯೋಪಿಯದ ಪೂರ್ಣ ಸ್ವಾತಂತ್ರ್ಯವನ್ನು ಲಿಖಿತವಾಗಿ ಒಪ್ಪಿಕೊಂಡಿತು. 1936ರಿಂದ 1941ರವರೆಗೆ ಮುಸೊಲಿನಿಯ ಸೇನೆ ನಾಡನ್ನು ಆಕ್ರಮಿಸಿತ್ತಾದರೂ ಅಡ್ವಾದ ನೆನಪನ್ನು ಅಳಿಸಲಾಗಲಿಲ್ಲ.

ಆ ನಾಡಿನ ಇತ್ತೀಚಿನ ಸಾಹಸವೆಂದರೆ ನೀಲ ನೈಲ್ ನದಿಯ ಮೇಲಿನ ಮಹಾ ಅಣೆಕಟ್ಟು. 2011ರಲ್ಲಿ ಆರಂಭವಾಗಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು; ಸಾಮರ್ಥ್ಯ 5,000 ಮೆಗಾವಾಟ್‌ಗೂ ಹೆಚ್ಚು. ವಿದೇಶಿ ಸಾಲ ಸುಲಭವಾಗಿ ಸಿಗದಿದ್ದಾಗ ಸಾಮಾನ್ಯ ಪ್ರಜೆಗಳು ಬಾಂಡ್‌ಗಳನ್ನು ಕೊಂಡರು, ಸರ್ಕಾರಿ ನೌಕರರು ಸಂಬಳದ ಪಾಲನ್ನು ಕೊಟ್ಟರು. ನಮ್ಮಂತೆಯೇ ಹೊರನಾಡುಗಳಲ್ಲಿ ನೆಲಸಿದ ಇಥಿಯೋಪಿಯನ್ನರೂ ಹಣ ಕಳುಹಿಸಿದರು. ಕೆಳದಂಡೆಯ ಈಜಿಪ್ಟ್ ಮತ್ತು ಸೂಡಾನ್‌ಗಳ ಆತಂಕ ಇನ್ನೂ ತಣಿದಿಲ್ಲ. ಕಾವೇರಿಯ ವ್ಯಾಜ್ಯವನ್ನು ಬಲ್ಲ ನಮಗೆ ಎರಡೂ ದಂಡೆಗಳ ಮಾತು ಅರ್ಥವಾಗುತ್ತದೆ. ವಿದ್ಯುತ್ ದೀಪವನ್ನೇ ಕಾಣದ ಹಳ್ಳಿಮನೆಗಳು ಆ ನಾಡಿನಲ್ಲಿ ಇನ್ನೂ ಬಹಳವಿವೆ, ಅವುಗಳಿಗೆ ತಂತಿ ಎಳೆಯುವ ಕೆಲಸ ಬಾಕಿಯಿದೆ.